ಎರಡು ರೂಪಾಯಿಯ ಆಕ್ಷೇಪಣೆ

ಚುನಾವಣೆಯ ಪಾಠ,
ಓದಿ ಹೇಳಿದರೆ ಎರಡು ಪಿರಿಯಡ್ಡು,
ಮಾಡಿ ತೋರಿಸಿದರೆ ಒಂದು ಶನಿವಾರ.
ನಾನು ಶನಿವಾರ ಕೇಳಿದೆ.
"ಗದ್ದಲ ಆಗಬಾರದು ನೋಡ್ರಿ" ಎಂದು
ಹೆಡ್ ಮಾಸ್ತರರು ಹನ್ನೊಂದರ ತನಕ ಕೊಟ್ಟರು.

ಬೆಟಗೇರಿಯ ಸರಕಾರಿ ಹೈಸ್ಕೂಲು, ಒಂಬತ್ತನೇ ಬಿ.
ಕಿಟಕಿಯಾಚೆ ಮಗ್ಗ, ಖಟಕ್ ಖಟಕ್,
ಯಾರೋ ಮುಗಿಯದ ಹಾಜರಿ ಕರೆಯುತ್ತಿರುವ ಹಾಗೆ.
ಬಿಸ್ಕೀಟಿನ ರಟ್ಟಿಗೆ ಬಾಯಿ ಕೊರೆದು ಮತಪೆಟ್ಟಿಗೆ,
ಮೂಲೆಗೆ ನನ್ನದೇ ಹಳೇ ಸೀರೆಯ ಮರೆ,
ಓದಲು ಬಾರದವರಿಗೂ ತಿಳಿಯಲೆಂದು ಚಿಹ್ನೆ:
ಒಂದು ಲಾಳಿ, ಒಂದು ಮೆಣಸಿನಕಾಯಿ.
(ಓದಲು ಬಾರದವರು ಒಂಬತ್ತನೇ ಬಿಯಲ್ಲೂ ಇದ್ದಾರೆ.
ಅದು ಪಾಠದಲ್ಲಿಲ್ಲ.)

ಮತಗಟ್ಟೆಯ ಅಧಿಕಾರಿ ಮೌಲಾಸಾಬ ನದಾಫ,
ಅಪ್ಪನ ಗಡಿಯಾರ ಮೊಣಕೈವರೆಗೂ ಜಾರುತ್ತಿತ್ತು,
ಬೆಳಗಿನಿಂದ ಒಮ್ಮೆಯೂ ನಕ್ಕಿರಲಿಲ್ಲ.
ಮುಂದೆ ಸ್ಟಾಂಪ್ ಪ್ಯಾಡಿನ ನೀಲಿ, ಒಂದು ಬೆಂಕಿಕಡ್ಡಿ.

ಹದಿನೇಳನೆಯವಳು ಬನಶಂಕರಿ ದಿಂಡೂರ.
ಕೈ ಚಾಚಿದಳು.
ಹತ್ತೂ ಬೆರಳು ನೀಲಿ, ಮಣಿಕಟ್ಟಿನ ತನಕ ನೀಲಿ,
ನಸುಕಿನಲ್ಲಿ ಹಂಡೆಗೆ ಲಡಿ ಅದ್ದಿ, ಹಿಂಡಿ,
ಗಳಕ್ಕೆ ಹಾಕಿ ಬಂದ ಕೈ.

"ನಿಂದ ಆಗೇತಿ. ಮುಂದಿನವರು ಬರ್ರಿ."
"ಆಗಿಲ್ಲೋ."
"ಬೆರಳ ಹೇಳತೈತಲ್ಲ."
"ಹಂಗಾರ ಹತ್ತ ಸಲ ಹಾಕೀನೇನು?"

ಸಾಲು ನಕ್ಕಿತು. ನಾನು ಕುರ್ಚಿಯಿಂದ ಅರ್ಧ ಎದ್ದೆ.
ಮತ್ತೆ ಕೂತೆ.
ಹನ್ನೆರಡು ವರ್ಷ ಕಲಿಸಿದ್ದೇನೆ,
ಕೂತುಕೊಳ್ಳುವುದು ಇನ್ನೂ ಸರಿಯಾಗಿ ಬಂದಿಲ್ಲ.

"ನಿಮ್ಮವ್ವ ಹೆಂಗ ಹಾಕ್ತಾಳ ಮತ್ತ?"
ಹಿಂದಿನಿಂದ ಯಾರೋ, ನಿಜಕ್ಕೂ ತಿಳಿಯಬೇಕೆಂದೇ.
"ಓಟಿಗೆ ಎರಡ ದಿನ ಇರತ ಹಂಡೆ ಮುಟ್ಟಂಗಿಲ್ಲ.
ಕೂಲಿ ಬಿಡತಾಳ.
ಹುಣಸೆಹಣ್ಣ ಹಚ್ಚಿ ತಿಕ್ಕತಾಳ."

ಹದಿನೆಂಟು ತುಂಬಿದ ಎಲ್ಲರಿಗೂ, ಎಂದು
ಮೊನ್ನೆ ತಾನೇ ಬೋರ್ಡಿನ ಮೇಲೆ ಬರೆದಿದ್ದೆ.
'ಎಲ್ಲರಿಗೂ' ಕೆಳಗೆ ಎರಡು ಗೆರೆ ಎಳೆದಿದ್ದೆ.
ಸೀಮೆಸುಣ್ಣ ಪುಗಸಟ್ಟೆ ಬರುತ್ತದೆ.

ಮೌಲಾಸಾಬ ಪಟ್ಟಿಯ ಮೇಲೆ ಸ್ಕೇಲು ಇಟ್ಟು
ಹೆಸರೊಂದೊಂದೇ ಇಳಿದು ಬಂದ.
ಅವಳ ಹೆಸರಿನ ಮುಂದೆ ಗುರುತಿಲ್ಲ.
"ಬೆರಳಲ್ಲ, ಪಟ್ಟಿ ಖರೆ" ಅಂದ.
ತೀರ್ಪು ಕೊಟ್ಟವನಿಗೇ ಒಂದಿಷ್ಟು ಗಾಬರಿ.

ಆಗ ಎದ್ದ ಲಾಳಿಯ ಏಜೆಂಟ, ಕೊಟ್ರೇಶ ಹುಯಿಲಗೋಳ:
"ಆಕ್ಷೇಪಣೆ!"
ಗುರುವಾರ ನಾನೇ ಹೇಳಿಕೊಟ್ಟದ್ದು,
ಆಕ್ಷೇಪಿಸುವವ ಮೇಜಿನ ಮೇಲೆ ಎರಡು ರೂಪಾಯಿ ಇಡಬೇಕು,
ಸುಳ್ಳಾದರೆ ದುಡ್ಡು ಸರಕಾರಕ್ಕೆ.
ಅವನ ಕಿಸೆಯಲ್ಲಿ ಐದರದೊಂದೇ ನಾಣ್ಯ,
ಬಿಡುವಿನ ಮಿರ್ಚಿಯದು.
"ಚಿಲ್ಲರೆ ಕೊಡ್ತೀಯೇನ?"
"ಸರಕಾರ ಚಿಲ್ಲರೆ ಕೊಡಂಗಿಲ್ಲ" ಅಂದ ಮೌಲಾಸಾಬ.

ಸಾಲು ನಿಂತಿತು. ಗಡಿಯಾರ ಹತ್ತು ನಲವತ್ತು.
ಬನಶಂಕರಿ ಕಂಪಾಸು ತೆರೆದಳು,
ಕೈವಾರದ ಕೆಳಗಿಂದ ಎರಡು ರೂಪಾಯಿ ತೆಗೆದು
ಅವನ ಮುಂದಿಟ್ಟಳು:
"ತಗೋ, ಲಗೂನ ಆಕ್ಷೇಪ ಮಾಡು.
ನನಗ ಓಟ ಹಾಕೋದೈತಿ."

ವಿಚಾರಣೆ ಒಂದು ನಿಮಿಷ. ಸಾಲಿನ ಮುಂದಿದ್ದ ಮೂವರು
ಸರಸ್ವತಿಯ ಆಣೆ ಮಾಡಿದರು.
ಶಾಯಿ ಎಲ್ಲಿ ಹಚ್ಚುವುದು? ಅವಳೇ ತೋಳು ಮಡಚಿದಳು,
ಬಣ್ಣ ತಲುಪದ ಮೊದಲ ಜಾಗ,
ಮೊಣಕೈ.

ಮೆಣಸಿನಕಾಯಿಗೆ ಇಪ್ಪತ್ನಾಲ್ಕು, ಲಾಳಿಗೆ ಹತ್ತೊಂಬತ್ತು.
ಅವಳದೊಂದು ಇರದಿದ್ದರೂ ಅದೇ ಫಲಿತಾಂಶ.
ಅದನ್ನು ಯಾರೂ ಜೋರಾಗಿ ಹೇಳಲಿಲ್ಲ,
ನಾನೂ.

ಅರ್ಧವಾರ್ಷಿಕದಲ್ಲಿ ಪ್ರಶ್ನೆ ಬಂತು:
ಗುಪ್ತ ಮತದಾನ ಎಂದರೇನು?
ಬನಶಂಕರಿಯ ಹಾಳೆಯಲ್ಲಿ ಒಂದೇ ಸಾಲು, ಅಂಚಿಗೆ ನೀಲಿ ಹೆಬ್ಬೆರಳು:
'ನಾನು ಯಾರಿಗೆ ಹಾಕಿದೆ ಅಂತ ಟೀಚರಿಗೂ ಗೊತ್ತಿಲ್ಲ.'
ಮಾದರಿ ಉತ್ತರದಲ್ಲಿ ನಾಲ್ಕು ಸಾಲಿತ್ತು.
ಪೆನ್ನು ಹಿಡಿದು ಬಹಳ ಹೊತ್ತು ಕೂತೆ,
ಆಮೇಲೆ ಎರಡಕ್ಕೆ ಎರಡು.

ನಾಣ್ಯ ಇನ್ನೂ ನನ್ನ ಸೀಮೆಸುಣ್ಣದ ಡಬ್ಬಿಯಲ್ಲಿದೆ.
ಸರಕಾರದ್ದೋ, ಅವಳದೋ, ತರಗತಿ ತೀರ್ಮಾನಿಸಿಲ್ಲ.
ಸಾಲ ಅಂತ ಒಪ್ಪಿಕೊಂಡಿದ್ದಾನೆ ಕೊಟ್ರೇಶ.
ಕೊಟ್ರೇಶ ಇನ್ನೂ ಕೊಟ್ಟಿಲ್ಲ.