ಎರಡು ಮಹಡಿ ಹೆಚ್ಚು

ಟ್ಬಿಲಿಸಿಯ ಈ ಕಟ್ಟಡದಲ್ಲಿ ಲಿಫ್ಟು
ಪುಕ್ಕಟೆ ಏರುವುದಿಲ್ಲ.
ಹತ್ತು ತೆತ್ರಿಯ ನಾಣ್ಯ ನುಂಗಿ, ಗಂಟಲು ಕೆರೆದುಕೊಂಡು,
ಎಬ್ಬಿಸಿದ ಮುದುಕನ ಹಾಗೆ ಏಳುತ್ತದೆ.
ಇಳಿಯುವುದು ಮಾತ್ರ ಬಿಟ್ಟಿ.

ಹೀಗಿರುವಾಗ ಒಂದು ಬೆಳಗಿನ ಜಾವ
ರಾತ್ರಿಯಿಡೀ ಒಲೆಯ ಗೋಡೆಗೆ ರೊಟ್ಟಿ ಬಡಿದು
ಹುಬ್ಬಿನಲ್ಲಿ ಹಿಟ್ಟು, ಕಣ್ಣಿನಲ್ಲಿ ಮರಳು ಹೊತ್ತು
ಎಂಟನೆಯ ಮಹಡಿಯಲ್ಲಿ ಬೀಗದ ತೂತು ತಡಕುತ್ತಿದ್ದರೆ
ಕಾಲ ಬಳಿ ಬೂದು ಬೆಕ್ಕು.
ನನಗಿಂತ ಮೊದಲು ಒಳಗೆ ಹೋಯಿತು.
ಕುರ್ಚಿ ಇದ್ದದ್ದು ಒಂದೇ. ಹತ್ತಿ ಕೂತಿತು.

ನಾಣ್ಯ ಹಾಕಿದವರು ಯಾರು?

ಏನು ಮಾಡಬೇಕೆಂದು ಗೊತ್ತಿಲ್ಲದವನಿಗೆ
ಹೇಳುವವರಿಗೇನು ಬರ!
ಮೂರನೆಯ ಮಹಡಿಯ ತ್ಸಿಯಾಲಾ: ಹಾಲು ಕೊಡಬೇಡ ನುಗ್ಜಾರ್,
ಹೊಟ್ಟೆ ಕೆಟ್ಟರೆ ಬಳಿಯುವವನು ನೀನು. ನೀರಿಡು.
ರಟ್ಟಿನ ಡಬ್ಬಿ, ಅದರೊಳಗೊಂದು ಹಳೆಯ ಸ್ವೆಟರು,
ಒಗೆಯದ್ದು. ನಿನ್ನ ವಾಸನೆ ಪರಿಚಯವಾಗಲಿ.
ಗುರಾಮ್ ಮೀಸೆಯೊಳಗಿಂದ ಅಂದ:
ಏನಾದರೂ ಮಾಡು, ಹೆಸರು ಮಾತ್ರ ಇಡಬೇಡ.
ಹೆಸರಿಟ್ಟ ಮೇಲೆ ಅದು ಬಂದದ್ದಲ್ಲ, ಇದ್ದದ್ದು.

ಪ್ರಾಣಿವೈದ್ಯೆ ಕಿವಿ ಮಡಚಿ ತೋರಿಸಿದಳು,
ತುದಿ ಚೂರು ಕತ್ತರಿಸಿದೆ: ಆಪರೇಷನ್ ಆದ ಗುರುತು.
ಚಿಪ್ಪು ಇಲ್ಲ. ಹಲ್ಲು ಐದಾರು ವರ್ಷದ್ದು.
ಇಲಿ ಹಿಡಿದ ಮೈಯಲ್ಲ ಇದು, ತಟ್ಟೆಯಲ್ಲಿ ಉಂಡ ಮೈ ಅಂದಳು.
ಬಿಲ್ಲು ಕೊಟ್ಟಳು. ಅದನ್ನೂ ಮಡಚಿದೆ.

ಹುಡುಗ ಸಾಬಾ ಉಪಾಯ ಹೇಳಿದ:
ಕೊರಳಿಗೆ ಕಾಗದ ಸುತ್ತಿ ಬಿಟ್ಟುಬಿಡಿ.
‘ಇದು ಯಾರದು?’ ಎಂದು ಬರೆದೆ. ಗಂಟೆ ಕಟ್ಟುವುದಕ್ಕಿಂತ ಸುಲಭ.
ಮೂರು ದಿನದಲ್ಲಿ ಕಾಗದ ತುಂಬಿ ಬಂತು.
‘ನಮ್ಮದಲ್ಲ. ಮಂಗಳವಾರ ನಮ್ಮ ಸೋಫಾದ ಮೇಲಿತ್ತು.’
‘ನಿಮ್ಮದೆಂದುಕೊಂಡೇ ಒಳಗೆ ಬಿಡುತ್ತಿದ್ದೆ.’
‘ನನ್ನ ಜೊತೆ ಏಳಕ್ಕೆ ಎರಡು ಸಲ ಏರಿದೆ. ಸಭ್ಯ ಪ್ರಾಣಿ.
ಮೀನು ಹಾಕಿದೆ, ಮುಳ್ಳು ತೆಗೆದು.’
ಕೊನೆಯಲ್ಲಿ ಪೆನ್ಸಿಲಿನಲ್ಲಿ, ಯಾರದೋ ಅಕ್ಷರ:
‘ಕೊರಳಿನ ದಾರ ಬಿಗಿಯಾಗಿದೆ.’

ಗುರುವಾರ ಕರೆಂಟು ಹೋಯಿತು.
ಅದು ಮುಂದೆ, ನಾನು ಹಿಂದೆ, ಮೆಟ್ಟಿಲು.
ಎರಡು, ಮೂರು. ಯಾರದೋ ಮನೆಯ ಸುಟ್ಟ ಈರುಳ್ಳಿ.
ಐದರಲ್ಲಿ ನಾನು ಉಸಿರಿಗೆ ನಿಂತೆ, ಅದು ನಿಲ್ಲಲಿಲ್ಲ.
ಆರರಲ್ಲಿ ನಿಂತಿತು.

ಎತೇರಿಯ ಬಾಗಿಲು.
ಕಂದು ರೆಕ್ಸಿನ್ನು ಹೊದಿಸಿ ಹಿತ್ತಾಳೆ ಮೊಳೆ ಹೊಡೆದದ್ದು,
ಕೆಳಗಡೆ, ಮೊಣಕಾಲಿಗಿಂತ ಕೆಳಗೆ, ಹರಿದು ಹತ್ತಿ ಹೊರಬಂದಿದೆ:
ಒಂದು ದಿನದ ಕೆಲಸವಲ್ಲ, ವರ್ಷಗಳ ಉಗುರು.
ಮಾರ್ಚಿಯಲ್ಲಿ ಇಟಲಿಯ ಬಾರಿಗೆ ಹೋದಳು ಎತೇರಿ,
ಬೇರೆ ಯಾರದೋ ತಾಯಿಗೆ ಸ್ನಾನ ಮಾಡಿಸಲು.
ಎರಡು ವರ್ಷ ಎಂದಿದ್ದಳು.
ಬೆಕ್ಕನ್ನು ಯಾರಿಗೋ ಒಪ್ಪಿಸಿಯೇ ಹೋಗಿರಬೇಕು.
ಒಪ್ಪಿಕೊಂಡವರು ಊರಿನ ಯಾವ ಮೂಲೆಯವರೋ,
ಅದು ಎಷ್ಟು ರಸ್ತೆ ದಾಟಿ ಬಂತೋ.

ಬೆಕ್ಕಿಗೆ ಮಹಡಿ ಗೊತ್ತು. ಗುಂಡಿ ಒತ್ತಲು ಬಾರದು, ಅಷ್ಟೇ.
ಲಿಫ್ಟಿನಲ್ಲಿ ಕೂತು, ಏರಿಸಿದವರು ಏರಿಸಿದಲ್ಲಿಗೆ
ಹೋಗುತ್ತಿತ್ತು: ನಾಲ್ಕು, ಏಳು, ಸೋಫಾ, ಮೀನು.
ಎಂಟು ಒತ್ತಿದವನು ನಾನು.
ನಾಣ್ಯ ಹಾಕಿದವನೂ ನಾನೇ, ನಿದ್ದೆಗಣ್ಣಿನಲ್ಲಿ.
ಆರಿಸಿಕೊಂಡು ಬಂತು ನನ್ನನ್ನೇ ಎಂದು
ಬೇಕರಿಯಲ್ಲಿ ಎಲ್ಲರಿಗೂ ಹೇಳಿಯಾಗಿತ್ತು.

ಈಗ ಜೇಬಿನಲ್ಲಿ ಎರಡು ನಾಣ್ಯ ಇಟ್ಟುಕೊಳ್ಳುತ್ತೇನೆ.
ಮೊದಲನೆಯದಕ್ಕೆ ಆರು.
ಬಾಗಿಲಿಗೆ ಬೂಟುಗಾಲು ಕೊಟ್ಟು ನಿಲ್ಲುತ್ತೇನೆ,
ಅದು ಹೋಗಿ ಮೂಸಿ, ಎರಡು ಸಲ ಕೆರೆದು,
ಕಿವಿ ಆ ಕಡೆ ಇಟ್ಟು ಕೂರುತ್ತದೆ.
ಲಿಫ್ಟು ಬಡಿದುಕೊಳ್ಳುತ್ತದೆ ನನ್ನ ಕಾಲಿಗೆ.
ಕೆಳಗಿನಿಂದ ಯಾರೋ ಬೈಯುತ್ತಾರೆ.
ಕರೆಯುವುದಿಲ್ಲ ನಾನು. ಕರೆಯಲು ಹೆಸರೂ ಇಲ್ಲ.
ಬಂದರೆ, ಎರಡನೆಯ ನಾಣ್ಯ, ಎಂಟು.

ನಿನ್ನೆ ಆರರಲ್ಲಿ ಬಾಗಿಲು ತೆರೆಯಿತು,
ಬೆಕ್ಕು ಇಳಿಯಲಿಲ್ಲ.
ಮುಂಗಾಲು ಮಡಚಿ ಮೂಲೆಯಲ್ಲೇ ಕೂತಿತ್ತು.
ದುಡ್ಡು ಹಾಕಿಯಾಗಿತ್ತಲ್ಲ.
ಸ್ವಲ್ಪ ಹೊತ್ತು ಕಾದು, ನಾನೇ ಇಳಿದು,
ಆ ಬಾಗಿಲಿಗೆ ಕಿವಿಯಿಟ್ಟು ಬಂದೆ.