ಎಂಟು ಕೇಜಿ ಹಿಮ

ಆರನೇ ಕ್ಲಾಸಿಗೆ ಹಿಮನದಿಯ ಪಾಠ ಮಾಡಿ ಬಂದ ಸಂಜೆ
ಟೀ ಅಂಗಡಿಯಲ್ಲಿ ನಕ್ಕವನು ದಸ್ತಗೀರ್.
'ಕಣ್ಣಲ್ಲಿ ನೋಡ್ದೇ ಇರೋದನ್ನ ಅದೆಂಗ್ ಹೇಳ್ಕೊಡ್ತೀಯೋ?
ಭಾನುವಾರ ಬಾ. ಹಿಮ ನಾನ್ ತರ್ತೀನಿ,
ಬೆಟ್ಟ ಹೆಂಗೂ ಇಲ್ಲೇ ಐತಲ್ಲ.'

ಏಳಕ್ಕೆ ಮಧುಗಿರಿ ಕೋಟೆಯ ಬಾಗಿಲಲ್ಲಿ ನಿಂತಿದ್ದ.
ಬೆನ್ನಿಗೆ ಗೋಣಿ, ಗೋಣಿಯೊಳಗೆ ಮರದ ಹೊಟ್ಟು,
ಹೊಟ್ಟಿನೊಳಗೆ ಎಂಟು ಕೇಜಿ ಐಸುಗಡ್ಡೆ.
ರಾತ್ರಿಪಾಳಿ ಮುಗಿಸಿ, ತೂಗಿಸಿ, ಚೀಟಿ ಬರೆಸಿ
ಸ್ವಂತ ದುಡ್ಡು ಕೊಟ್ಟು ತಂದದ್ದು.
'ಮಾಲೀಕ ಕೇಳ್ದ, ಯಾರ ಮದುವೆಗೋ ಅಂತ.'
'ಏನಂದೆ?'
'ಬೆಟ್ಟದ್ದು ಅಂದೆ.'

ಮೆಟ್ಟಿಲಿರುವಷ್ಟು ದೂರ ಮಾತಿತ್ತು.
ಆಮೇಲೆ ಬರೀ ಬಂಡೆ.
ಉಳಿಯಲ್ಲಿ ಕೊರೆದ ಕಾಲ್ಗುಳಿ, ತುಕ್ಕು ಹಿಡಿದ ಕಂಬಿ;
ನಾನು ನಾಲ್ಕು ಕಾಲಿನವನಾದೆ.
ಮುಂದೆ ಅವನು. ಅವನ ಬೆನ್ನಿಂದಿಳಿದ ನೀರು
ಅಂಗಿ ದಾಟಿ, ಮಡಚಿದ ಪ್ಯಾಂಟು ದಾಟಿ,
ಹಿಮ್ಮಡಿಯ ಬಿರುಕು ದಾಟಿ
ಬಂಡೆಯ ಮೇಲೆ ಕಪ್ಪು ಗೆರೆ ಎಳೆಯುತ್ತ
ನನ್ನ ಬೆರಳಿಗೆ ಬಂದು ತಾಗಿತು.
ತಣ್ಣಗೆ.
ಪಾಠದಲ್ಲಿ ನಾನು ಹೇಳುವುದು ಹೀಗೆ:
ನಿಂತ ಹಾಗೆ ಕಾಣುತ್ತದೆ, ನಡೆಯುತ್ತಿರುತ್ತದೆ,
ದಾರಿಯ ಕಲ್ಲನ್ನು ಸವೆಸುತ್ತದೆ.
ಹೆಗಲಿನ ವಿಷಯ ಹೇಳಿರಲಿಲ್ಲ.
'ಇತ್ತ ಕೊಡೋ, ಒಂದ್ ಗಳಿಗೆ ನಾನ್ ಹೊರ್ತೀನಿ.'
'ನೀನು ಬಿದ್ರೆ ಎತ್ಬೋದು. ಇದು ಬಿದ್ರೆ?'

ಹತ್ತೂವರೆಗೆ, ಪಾಳು ಬಾಗಿಲೊಂದರ ನೆರಳಲ್ಲಿ
ಗೋಣಿ ಇಳಿಸಿದ್ದೇ ತಡ, ಬಂದವು.
ಮೊದಲು ಒಂದು. ಆಮೇಲೆ ಎಣಿಸಲಿಲ್ಲ.
ಬೆಟ್ಟಕ್ಕೆ ಹೆಸರು ಕೊಟ್ಟ ಹೆಜ್ಜೇನು,
ಏಪ್ರಿಲ್ಲಿನ ಬಾಯಾರಿಕೆ ಹೊತ್ತು
ಒದ್ದೆ ಗೋಣಿಯ ಮೇಲೆ ಕಂಬಳಿ ಹಾಸಿದಂತೆ ಕೂತು
ಕುಡಿಯತೊಡಗಿದವು.
'ಅಲ್ಲಾಡ್ಬೇಡ' ಎಂದ, ತುಟಿ ಅಲ್ಲಾಡಿಸದೆ.
ಅವನ ಮೊಣಕಾಲ ಮೇಲೆ ಏಳು.
ನನ್ನ ಕನ್ನಡಕದ ಗಾಜಿನ ಮೇಲೆ ಒಂದು,
ಅದರ ಹೊಟ್ಟೆ ಮಿಡಿಯುವುದು ಕಾಣುವಷ್ಟು ಹತ್ತಿರ;
ಅದರಾಚೆ, ಕೆಳಗೆ, ಬೆಂಕಿಪೊಟ್ಟಣದಷ್ಟು ನನ್ನ ಶಾಲೆ.
ಒಂದೂವರೆ ಗಂಟೆ ಕೂತೆವು, ಕಲ್ಲಿಗೆ ಕಲ್ಲಾಗಿ.
ಗೋಣಿ ಸದ್ದಿಲ್ಲದೆ ಕುಗ್ಗಿತು.

ತುದಿಯಲ್ಲಿ ಬಿಚ್ಚಿದ. ಹೊಟ್ಟು ಕೆದಕಿದ. ಇನ್ನೂ ಕೆದಕಿದ.
ಕೋಳಿಮೊಟ್ಟೆಯಷ್ಟು ಇತ್ತು.
ಮುರುಕು ಗುಡಿಯ ಜಗಲಿಯ ಮೇಲಿಟ್ಟು
'ತಗಾ, ನಿನ್ ಹಿಮಪರ್ವತ' ಎಂದವನ ದನಿಯಲ್ಲಿ
ತಮಾಷೆ ಇರಲಿಲ್ಲ.
ಏನು ಹೇಳಬೇಕೋ ತೋಚದೆ
ಅಂಗಿಯ ಚುಂಗಿನಲ್ಲಿಟ್ಟು ಕಚ್ಚಿದೆ, ಕಾಗೆ ಎಂಜಲು,
ಅರ್ಧ ಅವನಿಗೆ.
ಮರದ ಹೊಟ್ಟಿನ ರುಚಿ. ಹಲ್ಲು ಜುಮ್ಮೆಂದಿತು.
ಐವತ್ತೆರಡು ವರ್ಷದ ಇಬ್ಬರು
ಕೆನ್ನೆ ಉಬ್ಬಿಸಿಕೊಂಡು, ಮಾತಾಡದೆ, ಗಾಳಿಯಲ್ಲಿ.

ಇಳಿಯುವಾಗ ಆ ಗೆರೆ ಹುಡುಕಿದೆ.
ಬಂಡೆ ಕಾದ ಹೆಂಚಾಗಿತ್ತು.
'ಮುಂದಿನ ಸಲ ಎರಡು ಗೋಣಿ ಸುತ್ತಾಣ' ಎನ್ನುತ್ತ
ದಸ್ತಗೀರ್ ಪಾಳಿಗೆ ಹೊತ್ತಾಯಿತೆಂದು
ಖಾಲಿ ಗೋಣಿ ತಲೆಗೆ ಹೊದ್ದು ಬೇಗ ಬೇಗ ಇಳಿದ.
ಅದರ ಮಡಿಕೆಯೊಳಗೆಲ್ಲೋ
ಒಂದು ಜೇನು ಇನ್ನೂ ಗುಂಯ್‌ಗುಡುತ್ತಿತ್ತು.