ಬೈಪಾಸಿನ ಜರ್ಮನ್ ಹೋಟೆಲು

ಗುಡ್ಡದ ಮೇಲೆ ಗಾಳಿ ಫ್ಯಾನು ನಿಲ್ಲಿಸಲು ಬಂದ ಜರ್ಮನರು
ಹೋಗಿ ಆರು ವರ್ಷ.
ಅವರಿಗೆ ಅಡುಗೆ ಮಾಡುತ್ತಿದ್ದ ಓಬಳೇಶ
ಚಿತ್ರದುರ್ಗದ ಬೈಪಾಸಿನಲ್ಲಿ ಹೋಟೆಲು ಇಟ್ಟಿದ್ದಾನೆ.

ಫ್ಯಾನು ಕಾಯುವ ಅಪ್ಪನಿಗೆ ಬಾಕಿ ಸಂಬಳ ಬಂದ ಸಂಜೆ
ಏಳು ಜನ ಒಂದೇ ಆಟೋದಲ್ಲಿ ಹೋದೆವು.

ಮೆನು ಓದಲು ಬಂದದ್ದು ತಮ್ಮನೊಬ್ಬನಿಗೆ,
ಅವನೂ ಬೆಲೆಯನ್ನಷ್ಟೇ ಓದಿದ.

ಗಂಟು ಹಾಕಿದ ಬ್ರೆಡ್ಡು ಬಂತು.
"ಕೋಡುಬಳೆಗೆ ಯಾರೋ ಜಡೆ ಹೆಣೆದವ್ರೆ" ಅಂದಳು ಸೋದರತ್ತೆ,
ಉಪ್ಪಿನ ಹರಳು ಉಗುರಲ್ಲಿ ಕೆರೆದು ನೆಕ್ಕಿದಳು.
ಹುಳಿ ಬಂದ ಕೋಸಿನ ಪಲ್ಯ ಮೂಸಿ
ಅವ್ವ ಓಬಳೇಶನ ಮುಖ ನೋಡಿದಳು.
ನಿನ್ನೆಯದಾ ಎಂದು ಕೇಳಲಿಲ್ಲ, ಅಷ್ಟೇ.

ಆಮೇಲೆ ಆಲೂಗಡ್ಡೆಯ ಉಂಡೆ,
ಜೊತೆಗೆ ಕುರಿಮಾಂಸದ ಕಂದು ಸಾರು.
ಅಪ್ಪ ಫೋರ್ಕು ಪಕ್ಕಕ್ಕಿಟ್ಟ.
ಮುರಿದ, ಅದ್ದಿದ,
ಅಗಿಯದೆ ನುಂಗಿದ.
ಗಂಟಲಮಣಿ ಒಂದು ಸಲ ಏರಿ ಇಳಿಯಿತು.
"ಇಳೀತೈತೆ" ಅಂದ.

ಉಳಿದ ಆರು ಫೋರ್ಕೂ ಪಕ್ಕಕ್ಕೆ ಸರಿದವು.

ಅಡುಗೆಮನೆಯ ಬಾಗಿಲಿಗೆ ಒರಗಿ ಓಬಳೇಶ ನಕ್ಕ:
"ಅವ್ರೂ ಅಷ್ಟೇ ಕಣಣ್ಣ,
ಮೊದಲ ದಿನ ನನ್ನ ಮುದ್ದೆಗೆ ಚಾಕು ಹಾಕಿದ್ರು."

ಹೊರಗೆ ಕತ್ತಲಲ್ಲಿ
ಗುಡ್ಡದುದ್ದಕ್ಕೂ ಕೆಂಪು ದೀಪ.
ಅಪ್ಪ ಒದ್ದೆ ಕೈ ಪಂಚೆಗೆ ಒರೆಸಿಕೊಳ್ಳುತ್ತ ಎಣಿಸಿದ.
ಹದಿನಾಲ್ಕೂ ಇದ್ದವು.